ಮೊದಲು ಜಾಗ, ಆಮೇಲೆ ನೆಂಟಸ್ತಿಕೆ



ನಮ್ಮ ಮನೆಗೆ ಬೆಕ್ಕಿನ ಮರಿ ಬಂದದ್ದು ಶಿರಸಿಯ ಬಸ್ಸಿನಲ್ಲಿ. ಬಿದಿರಿನ ಬುಟ್ಟಿ. ಬುಟ್ಟಿಯ ಬಾಯಿಗೆ ಹಳೆಯ ಪಂಚೆ ಕಟ್ಟಿತ್ತು. ಪಕ್ಕದ ಚೀಲದಲ್ಲಿ ಹಲಸಿನ ಹಪ್ಪಳ. ಎರಡನ್ನೂ ಕೊಟ್ಟು ಕಳಿಸಿದವಳು ನನ್ನ ಅಕ್ಕ. "ಮೈಸೂರಿನ ಮನೇಲಿ ಇಲಿ ಕಾಟ ಅಂತ ಅಳ್ತಿರ್ತೀಯಲ್ಲ, ಇದನ್ನ ತಗೊಂಡು ಹೋಗು," ಅಂದಳು. ಮರಿಗೆ ಎರಡು ತಿಂಗಳು ತುಂಬಿತ್ತು. ತೂಕ ಮುಕ್ಕಾಲು ಕಿಲೋ. ಬಿಳಿ ಮೂತಿಯ ಮೇಲೆ ಒಂದೇ ಒಂದು ಕರಿ ಚುಕ್ಕೆ. ಒಗ್ಗರಣೆಯಿಂದ ಸಿಡಿದು ಅಂಟಿಕೊಂಡ ಕಾಳಿನ ಹಾಗೆ. ಅದಕ್ಕೇ ಸಾಸಿವೆ ಅಂತ ಹೆಸರಿಟ್ಟೆವು.

ಮನೆಯಲ್ಲಿ ಆಗಲೇ ಕೆಂಚ ಇದ್ದ. ಐದು ವರ್ಷದ ನಾಟಿ ನಾಯಿ. ತೂಕ 20 ಕಿಲೋ. ಇನ್ನೂ ಒಂದು ವಸ್ತು ಇತ್ತು, ಹೊಸ ಸೋಫಾ. ನಮ್ಮವರು ಕಂತಿನಲ್ಲಿ ತಂದದ್ದು. ಮರಿ ಬಂದ ದಿನಕ್ಕೆ ಇನ್ನೂ ಏಳು ಕಂತು ಬಾಕಿ.

ಒಂದು ಮರಿ, ಒಂದು ನಾಯಿ, ಒಂದು ಸೋಫಾ. ಇವತ್ತಿನ ಕಾಲು ಗಂಟೆ ಈ ಮೂರರದ್ದು.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗಿಲು ದಾಟಿದವಳೇ ಬುಟ್ಟಿಯನ್ನು ನಡುಮನೆಯಲ್ಲಿಟ್ಟೆ. ಪಂಚೆ ಬಿಚ್ಚಿದೆ. "ಕೆಂಚಾ, ಬಾರೋ, ನಿನ್ನ ತಂಗಿ ಬಂದಿದ್ದಾಳೆ ನೋಡು," ಅಂತ ಕರೆದೆ. ಕೆಂಚ ಓಡಿ ಬಂದ. ಬುಟ್ಟಿಯೊಳಗೆ ಮೂತಿ ತೂರಿಸಿದ. ಮರುಕ್ಷಣ ಬುಟ್ಟಿ ಮಗುಚಿತ್ತು. ಮರಿ ಇರಲಿಲ್ಲ. ಕೆಂಚನ ಮೂಗಿನ ಮೇಲೆ ರಕ್ತದ ಸಣ್ಣ ಗೆರೆ. ಸೋಫಾದ ಅಡಿಗೆ ಹೊಡೆದ ತೆಳ್ಳನೆಯ ಬಟ್ಟೆ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಮರಿ ಅಲ್ಲಿಂದ ನುಗ್ಗಿ ಸೋಫಾದ ಹೊಟ್ಟೆ ಸೇರಿತ್ತು. ಸ್ಪ್ರಿಂಗುಗಳ ನಡುವೆ. ಸಂಜೆ ಐದಕ್ಕೆ ಒಳಗೆ ಹೋದದ್ದು. ಹೊರಗೆ ಬಂದದ್ದು ಮರುದಿನ ಬೆಳಗಿನ ಜಾವ. ಅಷ್ಟು ಹೊತ್ತೂ ನಾವ್ಯಾರೂ ಸೋಫಾದ ಮೇಲೆ ಕೂರಲಿಲ್ಲ. ಕೆಂಚ ಮಾತ್ರ ಅದರ ಮುಂದೆ ಮಲಗಿ ರಾತ್ರಿಯಿಡೀ ಮೂಸುತ್ತಿದ್ದ.

ಕೆಂಚನಿಗೆ ಚುಚ್ಚುಮದ್ದು ಹಾಕುವ ಪಶುವೈದ್ಯರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಅವರು ನಕ್ಕರು. "ಅಮ್ಮಾ, ಅದಕ್ಕೆ ಇರೋಕೆ ಜಾಗ ತೋರಿಸೋ ಮೊದಲೇ ನೆಂಟರನ್ನ ತೋರಿಸಿಬಿಟ್ರಲ್ಲ," ಅಂದರು.

ನನ್ನ ಇವತ್ತಿನ ಮಾತೆಲ್ಲ ಆ ಒಂದು ವಾಕ್ಯದ ಸುತ್ತಲೇ.

ಬೆಕ್ಕಿಗೆ ಜಾಗ ಯಾಕೆ ಅಷ್ಟು ಮುಖ್ಯ? ಸ್ವಲ್ಪ ಹಿಂದಕ್ಕೆ ಹೋಗೋಣ. ನಾಯಿಯ ಪೂರ್ವಜ ತೋಳ. ತೋಳ ಗುಂಪಿನ ಪ್ರಾಣಿ. ಗುಂಪು ಎಲ್ಲಿಯೋ ಅಲ್ಲಿಯೇ ಅದರ ಊರು. ಬೆಕ್ಕಿನ ಪೂರ್ವಜ ಪಶ್ಚಿಮ ಏಷ್ಯಾ ಮತ್ತು ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿ ಬೇಟೆಗಾರ. ಅದಕ್ಕೆ ಸಂಗಾತಿಗಳಿಲ್ಲ. ಇರುವುದು ತನ್ನದೆಂಬ ಒಂದಿಷ್ಟು ನೆಲ. ಯಾವ ಪೊದೆ ಎಲ್ಲಿದೆ, ಯಾವ ಬಿಲ ಎಲ್ಲಿದೆ ಎಂಬುದೇ ಅದರ ಆಸ್ತಿ. 2004ರಲ್ಲಿ ಫ್ರಾನ್ಸಿನ ಪುರಾತತ್ತ್ವಜ್ಞರು ಸೈಪ್ರಸ್ ದ್ವೀಪದ ಒಂದು ಸಮಾಧಿಯ ವಿವರ ಪ್ರಕಟಿಸಿದರು. ಸುಮಾರು 9,500 ವರ್ಷ ಹಳೆಯ ಸಮಾಧಿ. ಒಳಗೆ ಒಬ್ಬ ಮನುಷ್ಯನ ಅಸ್ಥಿಪಂಜರ. ಅದರಿಂದ ಒಂದು ಮೊಳಕ್ಕೂ ಕಡಿಮೆ ದೂರದಲ್ಲಿ ಬೆಕ್ಕಿನ ಅಸ್ಥಿಪಂಜರ. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ. ಅಂದರೆ ಯಾರೋ ದೋಣಿಯಲ್ಲಿ ತಂದಿದ್ದಾರೆ. ನಮ್ಮ ಸಾಸಿವೆಗೆ ಬಸ್ಸು, ಅದಕ್ಕೆ ದೋಣಿ. ಇಷ್ಟು ಸಾವಿರ ವರ್ಷ ನಮ್ಮ ಜೊತೆ ಇದ್ದೂ ಬೆಕ್ಕು ಆ ಹಳೆಯ ಸ್ವಭಾವ ಬಿಟ್ಟಿಲ್ಲ. ನಾಯಿ ಮನುಷ್ಯರನ್ನು ನಂಬಿ ಬದುಕುತ್ತದೆ. ಬೆಕ್ಕು ಮೊದಲು ಮನೆಯನ್ನು ನಂಬಬೇಕು. ನಮ್ಮ ಸರದಿ ಆಮೇಲೆ.

ನಾನು ಹುಟ್ಟಿದ ಮಲೆನಾಡಿನ ಮನೆಯಲ್ಲಿ ನಾಯಿಯೂ ಇತ್ತು, ಬೆಕ್ಕೂ ಇತ್ತು. ಅವಕ್ಕೆ ಯಾರೂ ಪರಿಚಯ ಮಾಡಿಸಿದವರಿಲ್ಲ. ಬೇಕಾಗಿಯೂ ಇರಲಿಲ್ಲ. ನಾಯಿಗೆ ಅಂಗಳ, ಹೆಚ್ಚೆಂದರೆ ಜಗಲಿ. ಹೊಸಿಲು ದಾಟಿದರೆ ಅಜ್ಜಿಯ ಕೈಯ ಸೌಟು ಮೇಲೇಳುತ್ತಿತ್ತು. ಬೆಕ್ಕಿಗೆ ಅಡುಗೆಮನೆ, ಅಟ್ಟ, ಚಳಿಗಾಲದಲ್ಲಿ ಒಲೆಯ ಬೆಚ್ಚನೆ ಬೂದಿ. ಇಬ್ಬರ ಹದ್ದುಬಸ್ತನ್ನೂ ಮನೆ ಕಟ್ಟಿದವರೇ ಮಾಡಿಟ್ಟಿದ್ದರು. ಈಗ ನಮ್ಮದು ಎರಡು ಕೋಣೆಯ ಮನೆ. ಜಗಲಿ ಇಲ್ಲ. ಅಟ್ಟವೆಂದರೆ ಬಚ್ಚಲಮನೆಯ ಮೇಲಿನ ಲಾಫ್ಟು. ನಾಯಿ ಸೋಫಾದ ಮೇಲೆ, ನಾವು ಸೋಫಾದ ಮೇಲೆ. ಹೊಸದಾಗಿ ಬಂದ ಮುಕ್ಕಾಲು ಕಿಲೋ ಜೀವಕ್ಕೆ ಎಲ್ಲಿ ಜಾಗ? ಸೋಫಾದ ಹೊಟ್ಟೆಯಲ್ಲಿ.

ಹಾಗಾದರೆ ಇಲ್ಲಿಯವರೆಗಿನ ಮಾತು ಇಷ್ಟು. ಬೆಕ್ಕಿಗೆ ತನ್ನದೊಂದು ನೆಲ ಬೇಕು. ಹಳೆಯ ಮನೆ ಅದನ್ನು ತಾನಾಗಿ ಕೊಡುತ್ತಿತ್ತು. ಇಂದಿನ ಮನೆಯಲ್ಲಿ ನಾವು ಮಾಡಿಕೊಡಬೇಕು. ಹೇಗೆ ಅನ್ನುವುದನ್ನು ಈಗ ನೋಡೋಣ.

ಮೊದಲ ಒಂದು ವಾರ ಮರಿಗೆ ಒಂದು ಕೋಣೆ. ಬಾಗಿಲು ಮುಚ್ಚಿರಲಿ. ನಾಯಿಗೆ ಅಲ್ಲಿ ಪ್ರವೇಶವಿಲ್ಲ. ಕೋಣೆಯಲ್ಲಿ ನೀರು, ಊಟ, ಮರಳು ತುಂಬಿದ ಅಗಲದ ಟ್ರೇ, ಅಡಗಲು ಒಂದು ರಟ್ಟಿನ ಪೆಟ್ಟಿಗೆ. ಊಟ ಒಂದು ಮೂಲೆಯಲ್ಲಿ, ಮರಳು ಇನ್ನೊಂದು ಮೂಲೆಯಲ್ಲಿ. ನಾವೂ ಬಚ್ಚಲಲ್ಲಿ ಕೂತು ಊಟ ಮಾಡುವುದಿಲ್ಲವಲ್ಲ. ಅಂದಹಾಗೆ, ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ಕಚ್ಚಿದರೆ ಎಷ್ಟು ಕಚ್ಚಬೇಕು, ಪರಚಿದರೆ ಎಲ್ಲಿಗೆ ನಿಲ್ಲಿಸಬೇಕು ಎಂಬ ಪಾಠ ಅದಕ್ಕೆ ತಾಯಿಯಿಂದಲೇ, ಒಡಹುಟ್ಟಿದವರಿಂದಲೇ ಆಗಬೇಕು.

ಕೋಣೆ ಮುಚ್ಚಿದ್ದರೂ ಪರಿಚಯ ಶುರುವಾಗಿರುತ್ತದೆ. ಮೂಗಿನ ಮೂಲಕ. ನಮಗೆ ಮುಖ ಹೇಗೋ ಇವಕ್ಕೆ ವಾಸನೆ ಹಾಗೆ. ಬೆಕ್ಕಿನ ಕೆನ್ನೆಯಲ್ಲಿ, ಹಣೆಯಲ್ಲಿ, ಬಾಲದ ಬುಡದಲ್ಲಿ, ಅಂಗಾಲಿನಲ್ಲಿ ವಾಸನೆಯ ಗ್ರಂಥಿಗಳಿವೆ. ಅದು ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜುವುದು ಇದಕ್ಕೇ. ನಮ್ಮ ವೈದ್ಯರು ಹೇಳಿಕೊಟ್ಟ ಉಪಾಯ ಸುಲಭದ್ದು. ಒಂದು ಹಳೆಯ ಬಟ್ಟೆಯಿಂದ ಮರಿಯ ಕೆನ್ನೆ ಒರೆಸಿ. ಅದನ್ನು ನಾಯಿ ಮಲಗುವಲ್ಲಿ ಇಡಿ. ನಾಯಿಯ ಮೈ ಒರೆಸಿದ ಬಟ್ಟೆ ಮರಿಯ ಕೋಣೆಗೆ ಹೋಗಲಿ. ಎರಡಕ್ಕೂ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಹಾಕಿ. ಮೊದಲ ದಿನ ತಟ್ಟೆಗಳು ಬಾಗಿಲಿನಿಂದ ದೂರ ಇರಲಿ. ದಿನಕ್ಕೊಂದು ಗೇಣು ಹತ್ತಿರ ತನ್ನಿ. ಆಚೆಯ ಆ ವಾಸನೆ ಬಂದಾಗಲೆಲ್ಲ ಊಟ ಬರುತ್ತದೆ ಎಂದು ಎರಡೂ ಲೆಕ್ಕ ಹಾಕಿಕೊಳ್ಳುತ್ತವೆ.

ಆ ಕೋಣೆ ಮರಿಗೆ ಅಭ್ಯಾಸವಾಯಿತು, ವಾಸನೆಯ ಪರಿಚಯವೂ ಆಯಿತು ಎನ್ನಿ. ಇನ್ನು ಮುಖಾಮುಖಿ.

ಇಲ್ಲಿ ಅವಸರ ಮಾಡಿದರೆ ಮುಂದೆ ತಿದ್ದುವುದು ಕಷ್ಟ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಕುದಿಯುವ ಹಾಲಿಗೆ ಒಮ್ಮೆ ಬಾಯಿಟ್ಟ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ನಾವು ನಗುತ್ತಾ ಹೇಳುವ ಕಥೆ. ಬೆಕ್ಕು ನೋಡಿದವರಿಗೆ ಅದರಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ. ಸಾಸಿವೆಗೆ ಬುಟ್ಟಿ ಎಂದರೆ ಈಗಲೂ ಆಗುವುದಿಲ್ಲ. ತರಕಾರಿ ಬುಟ್ಟಿ ಕಂಡರೂ ಬೆನ್ನು ಕಮಾನಾಗುತ್ತದೆ.

ಮೊದಲ ಭೇಟಿಗೆ ನಾಯಿಯನ್ನು ಸುತ್ತಾಡಿಸಿ, ದಣಿಸಿ, ಊಟ ಹಾಕಿ ಕರೆತನ್ನಿ. ಕುತ್ತಿಗೆಗೆ ಬೆಲ್ಟು, ಕೈಯಲ್ಲಿ ಹಗ್ಗ. ಹಗ್ಗ ಸಡಿಲವಾಗಿರಲಿ. ಬಿಗಿದು ಎಳೆದರೆ ಏನೋ ಅಪಾಯವಿದೆ ಎಂದು ನಾಯಿ ಅರ್ಥ ಮಾಡಿಕೊಳ್ಳುತ್ತದೆ. ಸೊಳ್ಳೆ ಜಾಲರಿಯ ಬಾಗಿಲು ಇದ್ದರೆ ಮೊದಲ ಕೆಲವು ಭೇಟಿ ಅದರ ಆಚೆ ಈಚೆಯೇ ಆಗಲಿ. ಮರಿಯನ್ನು ಎತ್ತಿ ನಾಯಿಯ ಮುಖದ ಮುಂದೆ ಹಿಡಿಯಲೇಬೇಡಿ. ಅದು ತಾನಾಗಿ ಬರಬೇಕು, ತಾನಾಗಿ ಹೋಗಬೇಕು. ಹೋಗಲು ದಾರಿ ಮೇಲಕ್ಕಿರಲಿ. ಮೇಜು, ಕಪಾಟು, ಬೀರುವಿನ ತಲೆ. ನೆಲ ನಾಯಿಯದು, ಎತ್ತರ ಬೆಕ್ಕಿನದು. ಚಿಕ್ಕ ಮನೆಯಲ್ಲಿ ಜಾಗ ಹಂಚಲು ನನಗೆ ಕಂಡ ಒಳ್ಳೆಯ ದಾರಿ ಇದೇ. ನಾವು ಬೀರುವಿನ ಪಕ್ಕ ಒಂದು ಸ್ಟೂಲು, ಅದರ ಮೇಲೊಂದು ಗೋಡೆಯ ಹಲಗೆ ಹಾಕಿಸಿದೆವು. ಮರಿಗೆ ಮೆಟ್ಟಿಲಾಯಿತು. ಬೀರುವಿನ ಮೇಲೆ ಹಳೆಯ ಕಂಬಳಿ. ಅದೇ ಅವಳ ಅಟ್ಟ.

ನಾಯಿ ಬೆಕ್ಕಿನ ಜಗಳಕ್ಕೆ ದ್ವೇಷ ಕಾರಣವಲ್ಲ. ಹೆಚ್ಚಿನ ಸಲ ಭಾಷೆ ಕಾರಣ. ನಾಯಿ ಬಾಲ ಅಲ್ಲಾಡಿಸಿದರೆ ಸಾಮಾನ್ಯವಾಗಿ ಖುಷಿ. ಬೆಕ್ಕು ಬಾಲ ಬೀಸಿದರೆ ಸಿಟ್ಟು. ನಾಯಿ ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ ನಿಂತರೆ ಆಡೋಣ ಬಾ ಎಂದರ್ಥ. ಬೆಕ್ಕಿನ ಕಣ್ಣಿಗೆ ಅದು ಮೇಲೆರಗುವ ಸನ್ನಾಹ. ನಾಯಿ ಬೆನ್ನ ಮೇಲೆ ಹೊರಳಿದರೆ ಸೋತೆ ಎನ್ನುತ್ತದೆ. ಬೆದರಿದ ಬೆಕ್ಕು ಹೊರಳಿದರೆ ನಾಲ್ಕೂ ಪಂಜ ಮೇಲೆ ಬಂದಿವೆ, ಹುಷಾರ್ ಎನ್ನುತ್ತದೆ. ಕನ್ನಡದ ಒಂದೇ ಮಾತಿಗೆ ಒಂದು ಊರಿನಲ್ಲಿ ಒಂದರ್ಥ, ಇನ್ನೊಂದು ಊರಿನಲ್ಲಿ ಬೈಗುಳ ಆಗುವುದಿಲ್ಲವೇ, ಹಾಗೆ. ಆದರೆ ಕಲಿಯುತ್ತವೆ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ನಾಯಿ ಬೆಕ್ಕು ಎರಡೂ ಇರುವ ಸುಮಾರು 200 ಮನೆಗಳವರನ್ನು ಕೇಳಿದ್ದರು. ಮೂರರಲ್ಲಿ ಎರಡು ಪಾಲು ಮನೆಗಳಲ್ಲಿ ಅವು ಚೆನ್ನಾಗಿಯೇ ಇದ್ದವು. ಒಂದರ ಸಂಜ್ಞೆಯನ್ನು ಇನ್ನೊಂದು ಓದುವುದನ್ನೂ ಕಲಿತಿದ್ದವು. ಚಿಕ್ಕ ವಯಸ್ಸಿನಲ್ಲೇ ಸೇರಿದವು ಹೆಚ್ಚು ಚೆನ್ನಾಗಿ ಹೊಂದಿಕೊಂಡವು. ಬೆಕ್ಕಾದರೆ ಆರು ತಿಂಗಳೊಳಗೆ, ನಾಯಿಯಾದರೆ ವರ್ಷದೊಳಗೆ. ಕೆಂಚನ ವಯಸ್ಸು ಆ ಲೆಕ್ಕಕ್ಕೆ ಮೀರಿತ್ತು. ನಮಗೆ ಆರು ವಾರ ಹಿಡಿಯಿತು.

ಒಂದು ಲಕ್ಷಣ ಮಾತ್ರ ಮರೆಯಬೇಡಿ. ನಾಯಿ ಮರಿಯನ್ನೇ ನೆಟ್ಟ ನೋಟದಿಂದ ನೋಡುತ್ತಾ, ಮೈ ಸೆಟೆದು, ಬಾಯಿ ಮುಚ್ಚಿ, ನೀವು ಹೆಸರು ಕರೆದರೂ ಕಿವಿ ಅಲ್ಲಾಡಿಸದೆ ನಿಂತಿದ್ದರೆ ಅಂದಿನ ಭೇಟಿ ಅಲ್ಲಿಗೆ ಮುಗಿಸಿ. ಬೊಗಳುವ ನಾಯಿಗಿಂತ ಈ ಮೌನದ ನಾಯಿಗೆ ಹೆದರಬೇಕು. ಮುಖ ತಿರುಗಿಸಿದರೆ, ಆಕಳಿಸಿದರೆ, ನಿಮ್ಮ ಕಡೆ ನೋಡಿದರೆ ಒಳ್ಳೆಯದು. ಬೇಯಿಸಿದ ಮೊಟ್ಟೆಯ ಒಂದು ಚೂರು ಕೊಡಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ಸಾಕಿದವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2005ರಲ್ಲಿ ಅಂಚೆ ಚೀಟಿಯ ಮೇಲೆ ಮೂಡಿದ ನಮ್ಮ ಹೆಮ್ಮೆಯ ತಳಿ ಅದು. ಕಣ್ಣಿನಿಂದ ಬೇಟೆ ಹುಡುಕುವ ಜಾತಿ. ಓಡುವ ಸಣ್ಣ ಜೀವ ಕಂಡರೆ ಅದರ ಕಾಲು ತಾನಾಗಿ ಓಡುತ್ತದೆ. ಅಂಥ ನಾಯಿಯ ಜೊತೆ ಮರಿಯನ್ನು ಒಂಟಿಯಾಗಿ ಬಿಡಬಾರದು. ಯಾವ ನಾಯಿಯಾದರೂ ಮೊದಲ ತಿಂಗಳುಗಳಲ್ಲಿ ಬಿಡಬಾರದು. 20 ಕಿಲೋದ ಪ್ರಾಣಿ ತಮಾಷೆಗೆ ಕೈ ಎತ್ತಿದರೂ ಮುಕ್ಕಾಲು ಕಿಲೋದ ಪ್ರಾಣಿ ಉಳಿಯದು.

ಈ ಗದ್ದಲದಲ್ಲಿ ನಾಯಿಯ ಜಾಗ ಕಳೆಯಬಾರದು. ಅದರ ಊಟದ ಹೊತ್ತು, ವಾಕಿಂಗ್ ಹೊತ್ತು, ಮಲಗುವ ಚಾಪೆ ಮೊದಲಿನಂತೆಯೇ ಇರಲಿ. ಚೊಚ್ಚಲು ಮಗುವಿನ ಮನೆಯಲ್ಲಿ ಎರಡನೆಯದು ಹುಟ್ಟಿದಾಗ ಹಿರಿಯರು ಹೇಳುವ ಮಾತೇ ಇದು.

ನಾಯಿಯ ಸುದ್ದಿ ಇಲ್ಲಿಗೆ ಬಿಡೋಣ. ಕೋಣೆ, ವಾಸನೆ, ಹಗ್ಗ, ಎತ್ತರ. ಈ ನಾಲ್ಕು ಮನಸ್ಸಿನಲ್ಲಿರಲಿ. ಈಗ ನಮ್ಮವರಿಗೆ ತುಂಬಾ ನೋವಿನ ವಿಷಯಕ್ಕೆ ಬರೋಣ. ಸೋಫಾ.

ಸಾಸಿವೆ ಹೊರಗೆ ಓಡಾಡತೊಡಗಿದ ಎರಡನೆಯ ದಿನವೇ ಸೋಫಾದ ಬಲಗೈ ಪರಚಿದಳು. ಪರ್ ಪರ್ ಅಂತ ಬಟ್ಟೆ ಕಿತ್ತ ಸದ್ದು. ನಮ್ಮವರು ಪತ್ರಿಕೆ ಎಸೆದು ಎದ್ದರು. "ಕಂತು ಕಟ್ಟೋದು ನಾನು, ಕೀಳೋದು ಇವಳು," ಅಂದರು. ಮಾತು ನ್ಯಾಯವಾದದ್ದೇ. ಆದರೆ ಸೋಫಾ ಹಾಳು ಮಾಡಬೇಕೆಂದು ಬೆಕ್ಕು ಪರಚುವುದಿಲ್ಲ. ಬೆಕ್ಕಿಗೆ ಮುಂಗಾಲು ಒಂದೊಂದರಲ್ಲಿ ಐದು, ಹಿಂಗಾಲಲ್ಲಿ ನಾಲ್ಕು, ಒಟ್ಟು 18 ಉಗುರು. ಉಗುರಿನ ಮೇಲಿನ ಹಳೆಯ ಪೊರೆ ಕಳಚಬೇಕು. ಮಲಗಿ ಎದ್ದ ಮೈ ಮುರಿಯಬೇಕು. ಮೂರನೆಯ ಕಾರಣ ನಮ್ಮ ಮಾತಿಗೆ ನೇರ ಸಂಬಂಧಿಸಿದ್ದು. ಅಂಗಾಲಿನಲ್ಲಿ ವಾಸನೆಯ ಗ್ರಂಥಿ ಇದೆ ಎಂದೆನಲ್ಲ. ಪರಚಿದಲ್ಲಿ ಆ ವಾಸನೆ ಉಳಿಯುತ್ತದೆ. ಕಣ್ಣಿಗೆ ಗೆರೆ, ಮೂಗಿಗೆ ಸಹಿ. ಇದು ನನ್ನ ಜಾಗ ಎಂದು ಬೆಕ್ಕು ಪಹಣಿಯಲ್ಲಿ ಹೆಸರು ಬರೆಸುವ ಕ್ರಮ ಇದು. ಅದಕ್ಕೇ ಅದು ಮೂಲೆಯ ಹಳೆಯ ಕುರ್ಚಿ ಬಿಟ್ಟು ನಡುಮನೆಯ ಸೋಫಾ ಆರಿಸುತ್ತದೆ. ಎಲ್ಲರೂ ಕೂರುವ, ಎಲ್ಲರ ವಾಸನೆಯೂ ಇರುವ ಜಾಗವಲ್ಲವೇ ಅದು?

ಹೊಡೆದರೆ ಬಿಡುತ್ತದೆಯೇ? ಬಿಡುವುದಿಲ್ಲ. ನೀವಿಲ್ಲದಾಗ ಪರಚುವುದನ್ನು ಕಲಿಯುತ್ತದೆ, ಅಷ್ಟೆ. ಸಹಿ ಹಾಕಲು ಬೇರೆ ಕಾಗದ ಕೊಡಬೇಕು. ನಮ್ಮ ಲಾಫ್ಟಿನಲ್ಲಿ ಅತ್ತೆಯವರ ಕಾಲದ ಒನಕೆ ಇತ್ತು. ಬಡಗಿಯನ್ನು ಕರೆಸಿ ಅದನ್ನು ದಪ್ಪ ಹಲಗೆಯೊಂದಕ್ಕೆ ನೆಟ್ಟಗೆ ಕೂರಿಸಿದೆವು. ಬುಡದಿಂದ ತುದಿಯವರೆಗೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿದೆವು. ಪಕ್ಕದ ಮನೆಯವರು ನೋಡಿ, "ಏನ್ರೀ ಓಬವ್ವಾ, ಯಾರ ಮೇಲೆ ಯುದ್ಧ?" ಅಂದರು. ಒನಕೆ ಇಲ್ಲದವರು ಮರದ ದಿಮ್ಮಿಗೆ ಗೋಣಿ ಸುತ್ತಿ. ಎರಡು ವಿಷಯ ಮುಖ್ಯ. ಎತ್ತರ ಮೂರು ಅಡಿಯಾದರೂ ಇರಬೇಕು. ಬೆಳೆದ ಬೆಕ್ಕು ಮೈ ಚಾಚಿ ನಿಂತರೆ ಅಷ್ಟು ಬೇಕು. ಮತ್ತೆ, ಅಲುಗಬಾರದು. ಒಮ್ಮೆ ಮೈಮೇಲೆ ವಾಲಿದರೆ ಬೆಕ್ಕು ಅದರ ಹತ್ತಿರ ಸುಳಿಯುವುದಿಲ್ಲ.

ಆ ಕಂಬವನ್ನು ಎಲ್ಲಿಡಬೇಕು? ಇಲ್ಲಿಯೇ ಹೆಚ್ಚಿನವರು ತಪ್ಪುತ್ತಾರೆ. ಚಂದ ಕಾಣುವುದಿಲ್ಲ ಎಂದು ಬಾಲ್ಕನಿಗೆ ತಳ್ಳುತ್ತಾರೆ. ಕಂಬ ಇರಬೇಕಾದದ್ದು ಬೆಕ್ಕು ಪರಚಿದ ಸೋಫಾದ ಪಕ್ಕದಲ್ಲೇ. ಸೋಫಾದ ಆ ಕೈಗೆ ಕೆಲವು ವಾರ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ. ಉಗುರು ಜಾರುತ್ತದೆ, ಪಕ್ಕದಲ್ಲೇ ಹಗ್ಗ ಇದೆ. ಬೆಕ್ಕು ದಡ್ಡ ಪ್ರಾಣಿಯಲ್ಲ. ಅಭ್ಯಾಸ ಕೂತ ಮೇಲೆ ಕಂಬವನ್ನು ದಿನಕ್ಕೊಂದು ಗೇಣು ಸರಿಸಬಹುದು. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಮಾತ್ರ ಕತ್ತರಿಸಿ. ಒಳಗೆ ಕಾಣುವ ಗುಲಾಬಿ ಭಾಗಕ್ಕೆ ತಾಗಬಾರದು, ಅಲ್ಲಿ ರಕ್ತನಾಳವಿದೆ. ಉಗುರನ್ನೇ ತೆಗೆಸಿಬಿಟ್ಟರೆ ಎಂದು ಕೇಳುವವರಿದ್ದಾರೆ. ಅದು ಉಗುರು ತೆಗೆಯುವುದಲ್ಲ. ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ಅನೇಕ ದೇಶಗಳು ನಿಷೇಧಿಸಿವೆ. ಒಂದು ಸೋಫಾಕ್ಕಾಗಿ ಮಾಡುವ ಕೆಲಸವಲ್ಲ.

ನಾಯಿಯ ಜೊತೆ ಜಾಗ, ಸೋಫಾದ ಪಕ್ಕ ಜಾಗ, ಎರಡೂ ಆಯಿತು. ಹೊತ್ತು ಕಡಿಮೆ ಇದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ತಟ್ಟೆಗೂ ಜಾಗ ಬೇರೆ ಇರಲಿ. ಬೆಕ್ಕಿನದು ಎತ್ತರದಲ್ಲಿ. ಇಲ್ಲದಿದ್ದರೆ ನಾಯಿ ಮುಗಿಸಿಬಿಡುತ್ತದೆ. ಬೆಕ್ಕಿಗೆ ನಾಯಿಯ ಆಹಾರ ಸಾಲದು. ಅದಕ್ಕೆ ಟಾರಿನ್ ಎಂಬ ಸತ್ವ ಬೇಕು. ಅದು ಮಾಂಸ, ಮೀನಿನಲ್ಲಿ ಸಿಗುತ್ತದೆ. ಅದು ಸಾಲದಿದ್ದರೆ ಬೆಕ್ಕಿನ ಹೃದಯ ದುರ್ಬಲವಾಗುತ್ತದೆ ಎಂದು ಕ್ಯಾಲಿಫೋರ್ನಿಯದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಬರೀ ಹಾಲನ್ನ ಹಾಕಿ ಸಾಕುತ್ತೇವೆ ಎನ್ನುವ ನನ್ನಂಥ ಸಸ್ಯಾಹಾರಿಗಳು ಇದನ್ನು ಕೇಳಿಸಿಕೊಳ್ಳಬೇಕು. ನಾನು ಅಂಗಡಿಯ ಬೆಕ್ಕಿನ ಆಹಾರಕ್ಕೆ ಶರಣಾದೆ. ಮರಳಿನ ಟ್ರೇ ಕೂಡ ನಾಯಿಗೆ ಎಟುಕಬಾರದು. ಯಾಕೆಂದು ರೇಡಿಯೋದಲ್ಲಿ ಹೇಳಲಾರೆ, ನಾಯಿ ಸಾಕಿದವರಿಗೆ ಗೊತ್ತು.

ಇದೊಂದನ್ನು ಮಾತ್ರ ನಿಧಾನವಾಗಿ ಕೇಳಿ. ನಾಯಿಯ ಉಣ್ಣಿಗೆ ಹಾಕುವ ಕೆಲವು ಔಷಧಗಳಲ್ಲಿ ಪರ್ಮೆತ್ರಿನ್ ಇರುತ್ತದೆ. ನಾಯಿಗೆ ಔಷಧ, ಬೆಕ್ಕಿಗೆ ವಿಷ. ನಾಯಿಯ ಬೆನ್ನಿಗೆ ಹಚ್ಚಿದ್ದನ್ನು ಪಕ್ಕದಲ್ಲಿ ಮಲಗಿದ ಮರಿ ನೆಕ್ಕಿದರೂ ಅಪಾಯ. ವೈದ್ಯರಿಗೆ ಮನೆಯಲ್ಲಿ ಬೆಕ್ಕಿದೆ ಎಂದು ಮೊದಲೇ ಹೇಳಿ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ನೆಲ ಒರೆಸುವ ಫಿನಾಯಿಲೂ ಆಗದು. ನಾಯಿಗೆ ರೇಬೀಸ್ ಚುಚ್ಚುಮದ್ದು ವರ್ಷ ತಪ್ಪದಿರಲಿ. ಮರಿಗೆ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸಿನದು. ಪರಚಿದ ಗಾಯವನ್ನು ಸೋಪು ನೀರಿನಲ್ಲಿ ಕಾಲು ಗಂಟೆ ತೊಳೆದು ವೈದ್ಯರಲ್ಲಿಗೆ ಹೋಗಿ. ಮಡಚುವ ಸೋಫಾ, ಒರಗು ಕುರ್ಚಿ ಇದ್ದವರು ಮಡಚುವ ಮುಂಚೆ ಒಮ್ಮೆ ಒಳಗೆ ಕೈಯಾಡಿಸಿ ನೋಡಿ. ನಾವು ಸೋಫಾದ ಅಡಿಯ ಬಟ್ಟೆಗೆ ಮರಿ ಬಂದ ಮಾರನೆಯ ದಿನವೇ ಹೊಲಿಗೆ ಹಾಕಿಸಿದೆವು.

ಸಾಸಿವೆಗೆ ಈಗ ಒಂದು ವರ್ಷ. ಕಂತುಗಳು ತೀರಿದವು. ಸೋಫಾದ ಬಲಗೈಗೆ ಒಂದು ಟವೆಲ್ ಹೊದಿಸಿದ್ದೇವೆ. ಬಂದವರು ಅದನ್ನು ಎತ್ತದಿದ್ದರೆ ಸಾಕು. ಒನಕೆಯ ಹಗ್ಗವನ್ನು ಎರಡು ಸಲ ಬದಲಿಸಿ ಆಯಿತು. ಮಧ್ಯಾಹ್ನ ಕೆಂಚ ತನ್ನ ಚಾಪೆಯ ಮೇಲೆ, ಸಾಸಿವೆ ಬೀರುವಿನ ಮೇಲೆ. ಮಳೆ ಬಂದು ಚಳಿಯಾದರೆ ಅವಳು ಇಳಿದು ಬರುತ್ತಾಳೆ. ಕೆಂಚನ ಹೊಟ್ಟೆಗೆ ಬೆನ್ನು ಕೊಟ್ಟು ಮಲಗುತ್ತಾಳೆ. ಅವನು ಒಮ್ಮೆ ಕಣ್ಣು ತೆರೆದು ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಮುಚ್ಚುತ್ತಾನೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. "ಇಲಿ ಕಾಟ ತಪ್ಪಿತಾ?" ಅಂತ ಕೇಳಿದಳು. ಅದರ ಹಿಂದಿನ ರಾತ್ರಿಯೇ ಒಂದು ಇಲಿ ಅಡುಗೆಮನೆಯಿಂದ ಹೊರಟು, ನಡುಮನೆ ಹಾದು, ಬಚ್ಚಲ ಕಡೆಗೆ ಹೋಗಿತ್ತು. ಅವಸರವೇನೂ ಇರಲಿಲ್ಲ ಅದಕ್ಕೆ. ಸಾಸಿವೆ ಕೆಂಚನನ್ನು ನೋಡಿದಳು. ಕೆಂಚ ಸಾಸಿವೆಯನ್ನು ನೋಡಿದ. ಇಬ್ಬರೂ ಮಗ್ಗುಲು ಬದಲಿಸಿದರು.

ಅಕ್ಕನಿಗೆ, ಹಪ್ಪಳ ತುಂಬಾ ಚೆನ್ನಾಗಿತ್ತು ಅಂದೆ.